ಗೋಪುರ, ಗುರುತು, ನಾಲಗೆ: ಪಶ್ಚಿಮ ಬೆಂಗಳೂರಿನ ಎತ್ತರದ ಕಟ್ಟಡಗಳನ್ನು ಕುರಿತು

ನಗರದ ಹೆಗ್ಗುರುತು ಎಂದೊಡನೆ ಎತ್ತರದ ಕಟ್ಟಡವೊಂದು ಮನಸ್ಸಿನಲ್ಲಿ ಮೂಡುವುದು ಈಗ ರೂಢಿಯಾಗಿದೆ. ಪ್ರವಾಸೋದ್ಯಮದ ಭಿತ್ತಿಪತ್ರಗಳು, ನಗರಾಭಿವೃದ್ಧಿಯ ಯೋಜನಾ ವರದಿಗಳು, ನಿರ್ಮಾಣ ಸಂಸ್ಥೆಗಳ ಜಾಹೀರಾತುಗಳು ಈ ರೂಢಿಯನ್ನು ಪೋಷಿಸಿವೆ. ಎತ್ತರಕ್ಕೆ ಕಟ್ಟಿದ್ದು ತಾನಾಗಿಯೇ ಗುರುತಾಗುತ್ತದೆ, ಅದರ ತುದಿಯಲ್ಲೊಂದು ಊಟದ ಮನೆಯನ್ನು ತೆರೆದರೆ ಊರು ತನ್ನನ್ನು ತಾನು ನೋಡಿಕೊಳ್ಳಲು ಒಂದು ಕನ್ನಡಿ ದೊರೆತಂತಾಗುತ್ತದೆ ಎಂಬ ನಂಬಿಕೆ ಇದರ ಹಿಂದಿದೆ. 2024ರ ಆಗಸ್ಟ್‌ನಲ್ಲಿ ಕರ್ನಾಟಕದ ಸಚಿವ ಸಂಪುಟವು ಕೆಂಗೇರಿಗೆ ಸಮೀಪದ ಹೆಮ್ಮಿಗೆಪುರದಲ್ಲಿ ಸುಮಾರು 250 ಮೀಟರ್ ಎತ್ತರದ ‘ಸ್ಕೈ ಡೆಕ್’ ನಿರ್ಮಾಣಕ್ಕೆ ಸುಮಾರು 500 ಕೋಟಿ ರೂಪಾಯಿಗಳ ಅಂದಾಜಿನಲ್ಲಿ ಒಪ್ಪಿಗೆ ನೀಡಿದಾಗ ಕೆಲಸ ಮಾಡಿದ್ದೂ ಇದೇ ನಂಬಿಕೆ. ಸ್ಥಳದ ಬಗೆಗೆ ಆನಂತರವೂ ಚರ್ಚೆಗಳು ನಡೆದವು. ಆದರೆ ಎತ್ತರವೇ ಗುರುತು ಎಂಬ ಮೂಲ ಗ್ರಹಿಕೆಯನ್ನು ಪ್ರಶ್ನಿಸಿದವರು ಕಡಿಮೆ. ಆ ಗ್ರಹಿಕೆಯನ್ನು ಜಾನಪದ ಅಧ್ಯಯನದ ನೆಲೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಮೈಸೂರು ರಸ್ತೆಗೆ ಅಂಟಿಕೊಂಡಿರುವ ಬಾಪೂಜಿನಗರವನ್ನು ನಡುವಿಟ್ಟುಕೊಂಡು, ರಾಜಾಜಿನಗರದಿಂದ ಕೆಂಗೇರಿಯವರೆಗಿನ ಪಶ್ಚಿಮ ಬೆಂಗಳೂರಿನ ಆಡುಮಾತಿನಲ್ಲಿ ಯಾವ ಕಟ್ಟಡಗಳು ಗುರುತಾಗಿ ನಿಂತಿವೆ, ಯಾವುವು ಎಷ್ಟೇ ಎತ್ತರವಿದ್ದರೂ ನಿಲ್ಲಲಿಲ್ಲ ಎಂಬುದನ್ನು ಇಲ್ಲಿ ಗಮನಿಸಲಾಗಿದೆ.

ಬೆಂಗಳೂರಿನ ಮಟ್ಟಿಗೆ ಗೋಪುರದ ಜಾನಪದವು ಕೆಂಪೇಗೌಡನ ಹೆಸರಿನಿಂದ ಆರಂಭವಾಗುತ್ತದೆ. 1537ರಲ್ಲಿ ಮಣ್ಣಿನ ಕೋಟೆ ಕಟ್ಟಿ ಪೇಟೆಯನ್ನು ಸ್ಥಾಪಿಸಿದನೆಂದು ಹೇಳಲಾಗುವ ಈ ನಾಡಪ್ರಭುವಿನ ವಂಶದೊಂದಿಗೆ ತಳುಕು ಹಾಕಿಕೊಂಡ ನಾಲ್ಕು ಗೋಪುರಗಳು ಲಾಲ್‌ಬಾಗಿನ ಬಂಡೆ, ಹಲಸೂರು, ಮೇಖ್ರಿ ವೃತ್ತದ ಬಳಿ ಹಾಗೂ ಕೆಂಪಾಂಬುಧಿ ಕೆರೆಯ ಪಕ್ಕದಲ್ಲಿ ಇವೆ. ಊರು ಈ ನಾಲ್ಕು ಗೋಪುರಗಳ ಎಲ್ಲೆ ಮೀರಿ ಬೆಳೆದರೆ ಕೇಡು ಕಾದಿದೆ ಎಂಬ ಮಾತು ಜನರ ಬಾಯಲ್ಲಿ ಉಳಿದುಬಂದಿದೆ. ಗಾತ್ರದಲ್ಲಿ ಇವು ತೀರ ಸಣ್ಣವು. ಇಂದಿನ ಮೂರು ಮಹಡಿಯ ಬಾಡಿಗೆ ಮನೆಯೂ ಇವುಗಳಿಗಿಂತ ಎತ್ತರ. ಆದರೂ ನಾನೂರಕ್ಕೂ ಹೆಚ್ಚು ವರ್ಷಗಳ ನಂತರ ಊರಿನ ಬೆಳವಣಿಗೆಯ ಮಾತು ಬಂದಾಗಲೆಲ್ಲ ಈ ಪುಟ್ಟ ಮಂಟಪಗಳು ನೆನಪಾಗುತ್ತವೆ. ಅವುಗಳನ್ನು ಗುರುತಾಗಿಸಿದ್ದು ಅವುಗಳ ಸುತ್ತ ಹೆಣೆದುಕೊಂಡ ಎಚ್ಚರಿಕೆಯ ಮಾತು. ಕೆಂಪಾಂಬುಧಿ ಗೋಪುರದಿಂದ ಪಶ್ಚಿಮಕ್ಕೆ ಹೊರಟರೆ ಮೈಸೂರು ರಸ್ತೆ, ಅದರಾಚೆಗೆ ಬಾಪೂಜಿನಗರ, ಅತ್ತಿಗುಪ್ಪೆ, ವಿಜಯನಗರ ಸಿಗುತ್ತವೆ. ಐತಿಹ್ಯದ ಲೆಕ್ಕದಲ್ಲಿ ಪಶ್ಚಿಮ ಬೆಂಗಳೂರಿನ ಬಹುಭಾಗ ಎಲ್ಲೆಯ ಹೊರಗೇ ನಿಂತಿದೆ. ಲಕ್ಷಾಂತರ ಜನ ಕೇಡಿನ ಸೀಮೆಯಲ್ಲಿ ಮನೆ ಮಾಡಿಕೊಂಡು ಬಾಳುತ್ತಿರುವುದು ಐತಿಹ್ಯವನ್ನು ಸುಳ್ಳು ಮಾಡಿದೆಯೋ, ವೃಷಭಾವತಿಯ ಇಂದಿನ ಸ್ಥಿತಿ ಅದನ್ನು ನಿಜ ಮಾಡಿದೆಯೋ ಎಂಬುದು ಚರ್ಚಾರ್ಹ.

ಇದೇ ಕೋಟೆಗೆ ಸಂಬಂಧಿಸಿದ ಇನ್ನೊಂದು ಐತಿಹ್ಯ ಇಲ್ಲಿ ಪ್ರಸ್ತುತವಾಗುತ್ತದೆ. ಕಟ್ಟಿದ ಹೆಬ್ಬಾಗಿಲು ಮತ್ತೆ ಮತ್ತೆ ಕುಸಿಯುತ್ತಿತ್ತು, ಬಲಿ ಬೇಡಿತು, ಗರ್ಭಿಣಿಯಾಗಿದ್ದ ಸೊಸೆ ಲಕ್ಷ್ಮಮ್ಮ ತಾನೇ ಹೋಗಿ ಆತ್ಮಾರ್ಪಣೆ ಮಾಡಿಕೊಂಡಳು, ಬಾಗಿಲು ನಿಂತಿತು. ಕೋರಮಂಗಲದಲ್ಲಿ ಆಕೆಯ ಹೆಸರಿನ ಗುಡಿ ಇದೆ. ‘ಕೆರೆಗೆ ಹಾರ’ ಕಥನಗೀತೆಯ ಭಾಗೀರಥಿಯ ಸಾಲಿಗೆ ಸೇರುವ ಈ ಕಥೆಯನ್ನು ಸ್ತ್ರೀಬಲಿಯ ಆಶಯವಾಗಿ ವಿದ್ವಾಂಸರು ಸಾಕಷ್ಟು ಚರ್ಚಿಸಿದ್ದಾರೆ. ಪ್ರಸ್ತುತ ಸಂದರ್ಭಕ್ಕೆ ಬೇಕಾದ ಅಂಶ ಬೇರೆ. ಜನಪದರು ದೊಡ್ಡ ಕಟ್ಟಡವನ್ನು ನೆನಪಿಟ್ಟುಕೊಳ್ಳುವಾಗ ಅದಕ್ಕೆ ತೆತ್ತ ಬೆಲೆಯೊಂದಿಗೆ ನೆನಪಿಟ್ಟುಕೊಳ್ಳುತ್ತಾರೆ. ಕಟ್ಟಿಸಿದವನ ಹೆಸರು ಶಾಸನದಲ್ಲಿದ್ದರೆ, ಕಟ್ಟಡಕ್ಕೆ ಜೀವ ತೆತ್ತವಳ ಹೆಸರು ಹಾಡಿನಲ್ಲಿರುತ್ತದೆ.

ಕನ್ನಡ ಜನಪದ ಕಥೆಗಳಲ್ಲಿ ಎತ್ತರವೆಂಬುದು ಸಾಮಾನ್ಯವಾಗಿ ಒಳ್ಳೆಯ ಜಾಗವಲ್ಲ. ಏಳುಪ್ಪರಿಗೆಯ ಮೇಲೆ ರಾಜಕುಮಾರಿಯನ್ನು ಇಡಲಾಗುತ್ತದೆ. ಒಂಟಿಕಂಬದ ಅರಮನೆಯಲ್ಲಿ ರಾಕ್ಷಸ ಅವಳನ್ನು ಬಚ್ಚಿಡುತ್ತಾನೆ. ಮೇಲಿದ್ದವಳಿಗೆ ಎಲ್ಲವೂ ಕಾಣುತ್ತದೆ, ಯಾವುದೂ ಕೈಗೆ ಸಿಗುವುದಿಲ್ಲ. ಕಥೆ ನಡೆಯುವುದು ಮಾತ್ರ ಕೆಳಗಿನವನ ಕಾಲಿನಲ್ಲಿ. ದೇವಾಲಯದ ಗೋಪುರದ ಸಂದರ್ಭದಲ್ಲಿ ಈ ಸಂಬಂಧ ಇನ್ನೂ ಸ್ಪಷ್ಟವಾಗುತ್ತದೆ. ಗೋಪುರ ಇರುವುದು ಅದರ ಮೇಲೆ ನಿಂತು ನೋಡುವುದಕ್ಕಲ್ಲ. ದೂರದಿಂದ ನೋಡಿ ಕೈಮುಗಿಯುವುದಕ್ಕೆ. ಒಳಗೆ ಪ್ರವೇಶವಿಲ್ಲದವರಿಗೂ ಗೋಪುರದರ್ಶನ ದಕ್ಕುತ್ತಿತ್ತು. ಇದರಲ್ಲಿ ಸಾಮಾಜಿಕ ಕ್ರೌರ್ಯವೊಂದು ಅಡಗಿದೆ ಎಂಬುದನ್ನು ಮರೆಯುವಂತಿಲ್ಲ. ಗರ್ಭಗುಡಿಯಿಂದ ಹೊರಗಿಡಲ್ಪಟ್ಟ ಸಮುದಾಯಗಳಿಗೆ ಗೋಪುರವೇ ದೇವರಾಗಬೇಕಾಗಿ ಬಂದದ್ದು ಹೆಮ್ಮೆಯ ಸಂಗತಿಯೇನೂ ಅಲ್ಲ. ದೇಹವನ್ನೇ ದೇಗುಲವೆಂದು ಭಾವಿಸಿದ ವಚನ ಪರಂಪರೆ ಎತ್ತರದ ಈ ರಾಜಕಾರಣವನ್ನು ಹನ್ನೆರಡನೆಯ ಶತಮಾನದಲ್ಲೇ ಗುರುತಿಸಿತ್ತು. ಅದೇನೇ ಇರಲಿ, ಕೆಳಗಿನವರು ನೋಡಲೆಂದು ಕಟ್ಟಿದ ಎತ್ತರ ಮತ್ತು ಕೆಳಗಿನದನ್ನು ನೋಡಲೆಂದು ಕಟ್ಟಿದ ಎತ್ತರ ಇವೆರಡೂ ಬೇರೆ ಬೇರೆ. ಎರಡನೆಯದು ನಮ್ಮ ನಗರಗಳಿಗೆ ಇತ್ತೀಚಿನದು. ಅದರ ಪರಿಷ್ಕೃತ ರೂಪವೇ ಗೋಪುರದ ತುದಿಯ ಹೋಟೆಲು.

ಎರಡನೆಯ ಮಹಾಯುದ್ಧದ ನಂತರ ಯೂರೋಪಿನ ನಡುಗಾತ್ರದ ನಗರಗಳು ಇಂಥ ಗೋಪುರಗಳತ್ತ ಒಲಿದವು. 1956ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ದೂರದರ್ಶನ ಗೋಪುರ ಸಿದ್ಧವಾದಾಗ ಅದರಲ್ಲಿ ಊಟದ ಮನೆಯೂ ವೀಕ್ಷಣಾ ಜಗಲಿಯೂ ಇದ್ದವು. 1959ರಲ್ಲಿ ಡಾರ್ಟ್‌ಮುಂಡ್, 1962ರಲ್ಲಿ ಅಮೆರಿಕದ ಸಿಯಾಟಲ್ ನಗರಗಳು ಸುತ್ತ ತಿರುಗುವ ಹೋಟೆಲನ್ನೇ ಗೋಪುರಕ್ಕೆ ಏರಿಸಿದವು. ರಾಜಧಾನಿಯಲ್ಲದ ನಗರಗಳಿಗೆ ಇದೊಂದು ಬಗೆಯ ಸ್ವಘೋಷಣೆಯಾಗಿತ್ತು. ಫ್ರೆಂಚ್ ಚಿಂತಕ ರೊಲಾಂ ಬಾರ್ತ್ ಐಫೆಲ್ ಗೋಪುರವನ್ನು ಕುರಿತು 1964ರಲ್ಲಿ ಬರೆದ ಪ್ರಬಂಧವು ಕಥೆಗಾರ ಮೊಪಾಸಾನ ಪ್ರಸಂಗದಿಂದ ತೊಡಗುತ್ತದೆ. ಆ ಗೋಪುರವನ್ನು ಕಂಡರಾಗದ ಮೊಪಾಸಾ ಅದರ ಹೋಟೆಲಿನಲ್ಲೇ ಹೆಚ್ಚಾಗಿ ಊಟ ಮಾಡುತ್ತಿದ್ದನಂತೆ, ಪ್ಯಾರಿಸಿನಲ್ಲಿ ಅದು ಕಣ್ಣಿಗೆ ಬೀಳದ ಜಾಗ ಅದೊಂದೇ ಎಂಬ ಕಾರಣಕ್ಕೆ. ತಮಾಷೆಯ ಈ ಮಾತಿನಲ್ಲಿ ಗೋಪುರದ ಹೋಟೆಲಿನ ಸ್ವರೂಪವೇ ಇದೆ. ಅಲ್ಲಿ ಕುಳಿತವರಿಗೆ ಊರಿನ ಗುರುತೆಲ್ಲ ಕಾಣುತ್ತದೆ, ತಾವು ಕುಳಿತ ಗುರುತೊಂದನ್ನು ಬಿಟ್ಟು.

ಬೆಂಗಳೂರಿಗೆ ಈ ಬಗೆಯ ಎತ್ತರ ಬಂದದ್ದು 1973ರಲ್ಲಿ, ಮಹಾತ್ಮ ಗಾಂಧಿ ರಸ್ತೆಯಲ್ಲಿ. ನಗರಪಾಲಿಕೆಯ ಒಡೆತನದ, ಸುಭಾಷ್‌ಚಂದ್ರ ಬೋಸರ ಹೆಸರಿನ ಪಬ್ಲಿಕ್ ಯುಟಿಲಿಟಿ ಕಟ್ಟಡವು 25 ಅಂತಸ್ತುಗಳ, ಸುಮಾರು 106 ಮೀಟರ್ ಎತ್ತರದ ರಚನೆ. 1971ರ ಜನಗಣತಿಯಲ್ಲಿ ನಗರದ ಜನಸಂಖ್ಯೆ ಸುಮಾರು 16.5 ಲಕ್ಷವಿತ್ತು. ಹೆಂಚಿನ ಮನೆ, ಮದರಾಸು ತಾರಸಿ, ಮರಗಳ ನಡುವೆ ಎದ್ದು ನಿಂತ ಈ ಕಟ್ಟಡ ಬಹುಕಾಲ ನಗರದ ಅತ್ಯಂತ ಎತ್ತರದ ಕಟ್ಟಡವಾಗಿತ್ತು. ಅದರ ಮೇಲ್ಭಾಗದಲ್ಲಿ ‘ಟಾಪ್‌ಕಾಪಿ’ ಎಂಬ ಹೋಟೆಲು ನಡೆಯಿತು. ಹೆಸರು ಇಸ್ತಾನ್‌ಬುಲ್ ನಗರದ ಅರಮನೆಯದು. ಕನ್ನಡದ ಕಿವಿಗೆ ಮಾತ್ರ ಅದು ತುದಿಯಲ್ಲಿ ಕುಡಿಯುವ ಕಾಫಿ ಎಂದೇ ಕೇಳಿಸಬೇಕು. ತುರ್ಕಿಯ ಸುಲ್ತಾನರ ಅರಮನೆ ಕಾಫಿ ಲೋಟವಾಗಿ ಕೈಗೆ ಬರುವುದು ಜನಪದ ನಿರುಕ್ತಿಯ ಸೊಗಸಾದ ಮಾದರಿ.

ಹೋಟೆಲು ಹೋಯಿತು. ಕಟ್ಟಡದ ಹೆಸರು ಉಳಿಯಿತು, ಅದೂ ಬೋಸರ ಹೆಸರಾಗಿ ಅಲ್ಲ, ‘ಯುಟಿಲಿಟಿ ಬಿಲ್ಡಿಂಗ್’ ಎಂದು. ಈ ಉಳಿವಿಗೆ ಕಾರಣ ಕಟ್ಟಡದ ತಲೆಯಲ್ಲಿಲ್ಲ, ಬುಡದಲ್ಲಿದೆ. ಅಲ್ಲಿ ಅಂಗಡಿಗಳಿದ್ದವು, ಕಚೇರಿಗಳಿದ್ದವು, ಮುಂದೆ ಶಂಕರ್‌ನಾಗ್ ಹೆಸರು ಪಡೆದ ಸಿಂಫೊನಿ ಚಿತ್ರಮಂದಿರವಿತ್ತು. ಕೆಲಸವಿದ್ದ ಜನ ಬಂದು ಹೋಗುತ್ತಿದ್ದರು. ಡಾ. ಅಂಬೇಡ್ಕರ್ ವೀಧಿಯ ಸರ್ಕಾರಿ ಕಟ್ಟಡಗಳ ಕಥೆಯೂ ಇದೇ. ‘ಬಹುಮಹಡಿಗಳ ಕಟ್ಟಡ’ವು ಕಾಗದಪತ್ರಗಳಲ್ಲಿ ಉಳಿದು ಬಾಯಲ್ಲಿ ‘ಎಂ.ಎಸ್. ಬಿಲ್ಡಿಂಗ್’ ಆಯಿತು; ವಿಶ್ವೇಶ್ವರಯ್ಯನವರ ಹೆಸರಿನ ಗೋಪುರವು ‘ವಿ.ವಿ. ಟವರ್’ ಆಯಿತು. ಕಡತದ ಬೆನ್ನು ಹತ್ತಿ ಊರೂರಿನಿಂದ ಬಂದವರು ಕೊಟ್ಟ ಹೆಸರುಗಳಿವು. ಮೈಸೂರಿನ ಉದಾಹರಣೆ ಇದಕ್ಕಿಂತ ಹಳೆಯದು, ಚೆಲುವಿನದು ಕೂಡ. ಅಲ್ಲಿನ ಡಫರಿನ್ ಗಡಿಯಾರ ಗೋಪುರ ಜನರಿಗೆ ‘ಚಿಕ್ಕ ಗಡಿಯಾರ’. ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ 1927ರಲ್ಲಿ ಬಂದದ್ದು ‘ದೊಡ್ಡ ಗಡಿಯಾರ’. ವೈಸರಾಯನ ಹೆಸರೂ ಉಳಿಯಲಿಲ್ಲ, ಹಬ್ಬದ ಹೆಸರೂ ಉಳಿಯಲಿಲ್ಲ. ಮಾರುಕಟ್ಟೆಗೆ ಬಂದವರಿಗೆ ಹೊತ್ತು ತಿಳಿಸಿದ ಉಪಕಾರ ಮಾತ್ರ ಉಳಿಯಿತು.

ಪಶ್ಚಿಮ ಬೆಂಗಳೂರಿಗೆ ಬಂದರೆ ಎತ್ತರದ ಕಥೆ ಕಾರ್ಖಾನೆಗಳ ಕಥೆಯಿಂದ ಬೇರ್ಪಡುವುದಿಲ್ಲ. ನಗರದ ಈ ಭಾಗ ದುಡಿಮೆಗಾರರದು. 1884ರಲ್ಲಿ ಸ್ಥಾಪನೆಯಾದ ಬೆಂಗಳೂರು ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿ ಜನರ ಬಾಯಲ್ಲಿ ‘ಬಿನ್ನಿ ಮಿಲ್’ ಆಗಿ, ಬಿನ್ನಿಪೇಟೆ ಎಂಬ ಬಡಾವಣೆಯನ್ನೇ ಹಡೆಯಿತು. ಗಿರಣಿ ನಿಂತಿತು; ಅದರ ನೆಲದಲ್ಲಿ ವಸತಿ ಗೋಪುರಗಳು ಎದ್ದವು. ಮಲ್ಲೇಶ್ವರದ ಅಂಚಿನ ರಾಜಾ ಮಿಲ್ಲಿನ ಜಾಗದಲ್ಲಿ 2010ರಲ್ಲಿ ಬೃಹತ್ ಮಾಲ್ ತೆರೆಯಿತು. ಮುಂದೆ ಮೆಟ್ರೊ ನಿಲ್ದಾಣವೂ ಸಂಪಿಗೆ ರಸ್ತೆಯ ಹೆಸರಿನ ಮೊದಲಿಗೆ ಆ ಮಾಲಿನ ಹೆಸರನ್ನು ಹೊತ್ತುಕೊಂಡಿತು. ಅದೇ ವರ್ಷ ರಾಜಾಜಿನಗರ ಮತ್ತು ಮಲ್ಲೇಶ್ವರಗಳ ನಡುವೆ, ಡಾ. ರಾಜಕುಮಾರ್ ರಸ್ತೆಯಲ್ಲಿ ಸುಮಾರು 128 ಮೀಟರ್ ಎತ್ತರದ ‘ವರ್ಲ್ಡ್ ಟ್ರೇಡ್ ಸೆಂಟರ್’ ಪೂರ್ಣಗೊಂಡಿತು. ಅದರ 31ನೆಯ ಅಂತಸ್ತಿನಲ್ಲಿ ‘ಹೈ’ ಎಂಬ ಹೆಸರಿನ ಪಾನ-ಭೋಜನಗೃಹ ಆರಂಭವಾಯಿತು. ಟಾಪ್‌ಕಾಪಿಯ ನಿಜವಾದ ಉತ್ತರಾಧಿಕಾರಿ ಇದೇ. ನಗರದ ಪೂರ್ವ ಭಾಗದಲ್ಲಿದ್ದ ಎತ್ತರದ ಊಟ ಈ ಮೂಲಕ ಪಶ್ಚಿಮಕ್ಕೆ ಬಂದಿತು.

ಆದರೆ ರಾಜಾಜಿನಗರದ ಬೀದಿಗಳಲ್ಲಿ ಈ ಗೋಪುರವನ್ನು ಕರೆಯುವ ರೀತಿ ವಿಚಾರಾರ್ಹ. ಆಟೋ ಚಾಲಕರಿಗಾಗಲಿ, ಬಸ್ಸಿನ ಪ್ರಯಾಣಿಕರಿಗಾಗಲಿ ಅದು ‘ಒರಾಯನ್ ಮಾಲ್’. 2012ರಲ್ಲಿ ಗೋಪುರದ ಪಕ್ಕದಲ್ಲೇ ತೆರೆದ ಮಾಲಿನ ಹೆಸರು ಗೋಪುರವನ್ನೂ ನುಂಗಿಕೊಂಡಿದೆ. ಮಾಲಿನಲ್ಲಿ ಕೊಳ್ಳದಿದ್ದರೂ ತಿರುಗಾಡಬಹುದು, ಕೊಳದ ದಂಡೆಯಲ್ಲಿ ಕೂರಬಹುದು, ಚಲನಚಿತ್ರ ನೋಡಬಹುದು. 31ನೆಯ ಅಂತಸ್ತಿಗೆ ಸುಮ್ಮನೆ ಹೋಗಿ ಬರುವಂತಿಲ್ಲ. ಆದ್ದರಿಂದ ಇಡೀ ರಾಜಾಜಿನಗರಕ್ಕೆ ಕಾಣುವ ಕಟ್ಟಡವು ರಾಜಾಜಿನಗರದ ಮಾತಿನಲ್ಲಿ ತನ್ನ ಹೆಸರನ್ನು ಉಳಿಸಿಕೊಳ್ಳಲಾಗಿಲ್ಲ. ಅದಕ್ಕಿಂತ ಎಷ್ಟೋ ಗಿಡ್ಡದಾದ, ಒಂದೇ ಪರದೆಯ ನವರಂಗ್ ಚಿತ್ರಮಂದಿರ 1960ರ ದಶಕದಿಂದ ಇಂದಿನವರೆಗೆ ಒಂದು ವೃತ್ತಕ್ಕೆ ಹೆಸರಾಗಿ, ಆ ಸುತ್ತಿನ ಮದುವೆಯ ಕರೆಯೋಲೆಗಳಲ್ಲಿ ‘ನವರಂಗ್ ಹತ್ತಿರ’ ಎಂದು ಅಚ್ಚಾಗುತ್ತ ಬಂದಿದೆ. ಮದುವೆಯ ಕರೆಯೋಲೆ ಎಂಬುದು ನಗರ ಜಾನಪದದ ಸಂಶೋಧಕರು ಇನ್ನೂ ಗಂಭೀರವಾಗಿ ಪರಿಗಣಿಸದ ಆಕರ. ‘ಎದುರು’, ‘ಹಿಂಭಾಗ’, ‘ಪಕ್ಕದ ರಸ್ತೆ’, ‘ಹತ್ತಿರ’ ಎಂಬ ನಾಲ್ಕು ಮಾತುಗಳಲ್ಲಿ ಒಂದು ಬಡಾವಣೆ ತನ್ನ ನಕಾಶೆಯನ್ನು ತಾನೇ ಬರೆದುಕೊಂಡಿರುತ್ತದೆ. ಅದರಲ್ಲಿ ಯಾವ ಕಟ್ಟಡ ಸೇರುತ್ತದೆ ಎಂಬುದನ್ನು ಯಾವ ಪ್ರಾಧಿಕಾರವೂ ನಿರ್ಧರಿಸಲಾರದು.

ಅಮೆರಿಕದ ನಗರ ಚಿಂತಕ ಕೆವಿನ್ ಲಿಂಚ್ ಬಾಸ್ಟನ್, ಜರ್ಸಿ ಸಿಟಿ, ಲಾಸ್ ಏಂಜಲಿಸ್ ನಗರಗಳ ನಿವಾಸಿಗಳನ್ನು ಮಾತನಾಡಿಸಿ 1960ರಲ್ಲಿ ಪ್ರಕಟಿಸಿದ ಅಧ್ಯಯನವು ನಗರದ ಮನೋಚಿತ್ರವನ್ನು ದಾರಿ, ಅಂಚು, ವಲಯ, ಕೂಡುತಾಣ ಮತ್ತು ಹೆಗ್ಗುರುತು ಎಂಬ ಐದು ಘಟಕಗಳಲ್ಲಿ ವಿವರಿಸುತ್ತದೆ. ನಗರವನ್ನು ಕುರಿತ ಬರಹಗಳಲ್ಲಿ ಈ ವಿಂಗಡಣೆ ಬಹುಮಟ್ಟಿಗೆ ಪ್ರಶ್ನಾತೀತವಾಗಿದೆ. ಅದು ಉಪಯುಕ್ತವೂ ಹೌದು. ಆದರೆ ಲಿಂಚ್ ಕಣ್ಣನ್ನು ನಂಬಿದವನು. ಹೆಗ್ಗುರುತು ಸುತ್ತಲಿನದರಿಂದ ಎದ್ದು ಕಾಣಬೇಕು ಎಂಬುದು ಅವನ ಪ್ರಧಾನ ನಿಲುವು. ಬೆಂಗಳೂರಿನಲ್ಲಿ, ವಿಶೇಷವಾಗಿ ಪಶ್ಚಿಮದಲ್ಲಿ, ಅತ್ಯಂತ ಗಟ್ಟಿಯಾದ ಗುರುತುಗಳಲ್ಲಿ ಹಲವು ಕಾಣುವುದೇ ಇಲ್ಲ. ಮಾಗಡಿ ರಸ್ತೆಯ ‘ಟೋಲ್‌ಗೇಟ್’ ಎಂಬಲ್ಲಿ ಸುಂಕ ವಸೂಲು ಮಾಡುವ ಕಟ್ಟೆ ಇಲ್ಲ. ಕೇಂದ್ರ ಬಸ್ ನಿಲ್ದಾಣದ ಸುತ್ತಲನ್ನು ಊರಿಗೆ ಊರೇ ‘ಮೆಜೆಸ್ಟಿಕ್’ ಎನ್ನುತ್ತದೆ. ಆ ಹೆಸರಿನ ಚಿತ್ರಮಂದಿರ ಅಳಿದು ಕಾಲವಾಗಿದೆ. ಮೈಸೂರು ರಸ್ತೆಯ ‘ಕಿಮ್ಕೊ’ ಸರ್ಕಾರಿ ಒಡೆತನದ ಯಂತ್ರೋಪಕರಣ ಕಾರ್ಖಾನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಹುಟ್ಟಿದ ಪದ. ಕಾರ್ಖಾನೆ ಮುಚ್ಚಿದ ಮೇಲೂ ‘ಅಣ್ಣ, ಕಿಮ್ಕೊ ಹತ್ರ ಇಳಿಸಿ’ ಎಂಬ ಮಾತು ನಿಲ್ಲಲಿಲ್ಲ. ಆ ಅಕ್ಷರಗಳು ಏನನ್ನು ಸೂಚಿಸುತ್ತವೆ ಎಂಬುದು ಇಳಿಯುವವರಿಗೂ ಬೇಕಿಲ್ಲ, ಇಳಿಸುವವರಿಗೂ ಬೇಕಿಲ್ಲ. ಪಕ್ಕದ ‘ಸ್ಯಾಟಲೈಟ್’ ಇನ್ನೂ ಸ್ವಾರಸ್ಯದ್ದು. ಮೈಸೂರು ಕಡೆಯ ಬಸ್ಸುಗಳಿಗಾಗಿ ಮಾಡಿದ ಉಪನಿಲ್ದಾಣಕ್ಕೆ ಆಡಳಿತ ಕೊಟ್ಟ ವಿಶೇಷಣ ಅದು. ಜನ ವಿಶೇಷ್ಯವನ್ನು ಬಿಟ್ಟು ವಿಶೇಷಣವನ್ನೇ ಊರಾಗಿಸಿಕೊಂಡರು. ಬಾಪೂಜಿನಗರದಲ್ಲಿ ಉಪಗ್ರಹವೆಂದರೆ ಆಕಾಶದ್ದಲ್ಲ, ಚನ್ನಪಟ್ಟಣ, ಮಂಡ್ಯಗಳಿಗೆ ಬಸ್ಸು ಹಿಡಿಯುವ ಜಾಗ.

ಕಾಣದ ಕಟ್ಟಡ ಗುರುತಾಗಿ ಬಾಳುತ್ತಿರುವುದೂ, ಕಾಣುವ ಕಟ್ಟಡ ಹೆಸರು ಕಳೆದುಕೊಂಡಿರುವುದೂ ಒಂದೇ ನಿಯಮದ ಎರಡು ಮುಖಗಳು. ಗುರುತು ಎಂಬುದು ದೃಶ್ಯಕ್ಕಿಂತ ಹೆಚ್ಚಾಗಿ ಒಂದು ಮೌಖಿಕ ಸಂಗತಿ. ಬಸ್ ನಿರ್ವಾಹಕರ ಕೂಗು ಇದರ ಪ್ರಧಾನ ವಾಹಕ. ಒಂದೇ ಲಯದಲ್ಲಿ, ಎರಡೆರಡು ಬಾರಿ, ಕೊನೆಯ ಅಕ್ಷರವನ್ನು ಎಳೆದು ಅಥವಾ ನುಂಗಿ ಹೇಳುವ ನಿಲ್ದಾಣಗಳ ಸರಣಿಯು ಮೌಖಿಕ ಸಾಹಿತ್ಯದ ಸೂತ್ರಬದ್ಧ ರಚನೆಗಳನ್ನು ಹೋಲುತ್ತದೆ. ಉದ್ದದ ಹೆಸರು ಈ ಲಯದಲ್ಲಿ ನಿಲ್ಲುವುದಿಲ್ಲ. ಹೊಸಹಳ್ಳಿಯ ಮೆಟ್ರೊ ನಿಲ್ದಾಣಕ್ಕೆ ಶ್ರೀ ಬಾಲಗಂಗಾಧರನಾಥ ಸ್ವಾಮೀಜಿಯವರ ಹೆಸರನ್ನು ಗೌರವದಿಂದ ಇಡಲಾಗಿದೆ. ದಿನಬಳಕೆಯ ಮಾತಿಗೆ ಹೊಸಹಳ್ಳಿಯೇ ಸಾಕಾಗಿದೆ. ಇದರಲ್ಲಿ ಅಗೌರವವಿಲ್ಲ. ಉಸಿರಿನ ಅಳತೆ ಇದೆ. ಮನೆ ಬಾಗಿಲಿಗೆ ಊಟ ತಲುಪಿಸುವ ಹುಡುಗರು ಕೈಯಲ್ಲಿ ಉಪಗ್ರಹ ನಕಾಶೆ ಇದ್ದರೂ ಕರೆ ಮಾಡಿ ‘ಯಾವುದರ ಹತ್ರ ಸಾರ್?’ ಎಂದು ಕೇಳುವಾಗ ಇದೇ ಪರಂಪರೆಯನ್ನು ಮುಂದುವರಿಸುತ್ತಾರೆ.

ಬಾಪೂಜಿನಗರದವರು ತಮ್ಮ ಮನೆಯ ದಾರಿ ಹೇಳುವಾಗ ಹೆಚ್ಚಾಗಿ ಬಳಸುವ ಗುರುತು ಬ್ಯಾಟರಾಯನಪುರದ ಗಾಳಿ ಆಂಜನೇಯ. ವ್ಯಾಸರಾಯರು ಪ್ರತಿಷ್ಠಾಪಿಸಿದರೆಂಬ ಪ್ರತೀತಿಯುಳ್ಳ ಈ ಗುಡಿ ವೃಷಭಾವತಿಯ ಮಗ್ಗುಲಲ್ಲಿದೆ. ಗಾಳಿ ಎಂಬ ವಿಶೇಷಣಕ್ಕೆ ವಾಯುಪುತ್ರನೆಂಬ ಅರ್ಥ ಒಂದು. ಬಯಲಿನಲ್ಲಿ ಗಾಳಿಗೆ ಮೈಯೊಡ್ಡಿ ನಿಂತವನೆಂಬ ವಿವರಣೆ ಇನ್ನೊಂದು. ಗಾಳಿ ಸೋಕಿದವರನ್ನು ಕಾಯುವವನೆಂಬ ನಂಬಿಕೆ ಮತ್ತೊಂದು. ಮೂರೂ ಒಟ್ಟಿಗೆ ಬದುಕಿರುವುದರಿಂದ ಹೆಸರಿಗೆ ಬಲ ಬಂದಿದೆ. ಹೊಸ ವಾಹನವನ್ನು ಪೂಜೆಗೆ ತರುವವರು, ಶನಿವಾರದ ಹರಕೆಯವರು, ಮೈಸೂರಿನ ದಾರಿ ಹಿಡಿಯುವ ಮುನ್ನ ಕುಳಿತಲ್ಲಿಂದಲೇ ಕೈಮುಗಿಯುವ ಬಸ್ಸಿನ ಪ್ರಯಾಣಿಕರು ಇದನ್ನು ದಿನವೂ ನವೀಕರಿಸುತ್ತಾರೆ. ಜೋರು ಮಳೆಯಲ್ಲಿ ರಾಜಕಾಲುವೆಯ ನೀರು ಈ ಗುಡಿಯೊಳಕ್ಕೆ ನುಗ್ಗಿದ್ದುಂಟು. ಎತ್ತರದಲ್ಲಿಲ್ಲದ ದೇವರು ಭಕ್ತರ ಮನೆಗಳ ಪಾಡನ್ನೇ ತಾನೂ ಪಟ್ಟದ್ದು ಅವನ ಮಹಿಮೆಗೆ ಕುಂದಾಗಿಲ್ಲ. ಇದಕ್ಕೆ ಹೋಲಿಸಿದರೆ ರಾಜಾಜಿನಗರದ ಗುಡ್ಡದ ಮೇಲೆ 1997ರಲ್ಲಿ ಆಗಿನ ರಾಷ್ಟ್ರಪತಿ ಶಂಕರ್ ದಯಾಳ್ ಶರ್ಮಾ ಉದ್ಘಾಟಿಸಿದ ಇಸ್ಕಾನ್ ದೇವಾಲಯವು ಎತ್ತರ ಮತ್ತು ಬಳಕೆ ಎರಡನ್ನೂ ಕೂಡಿಸಿಕೊಂಡ ವಿರಳ ನಿದರ್ಶನ. ಅಲ್ಲಿ ಎತ್ತರವನ್ನು ಕಾಲಿನಿಂದ ಗಳಿಸಬೇಕು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿನಲ್ಲಿ, ಮಾದಪ್ಪನ ಬೆಟ್ಟದ ಕಾಲ್ದಾರಿಯಲ್ಲಿ ಜನಪದರು ತೆರುವ ಶುಲ್ಕ ಇಂಥದ್ದೇ. ಗೋಪುರದ ಹೋಟೆಲಿನಲ್ಲಿ ಕಾಲಿಗೆ ಕೆಲಸವಿಲ್ಲ. ಲಿಫ್ಟು ಏರಿಸುತ್ತದೆ, ಬಿಲ್ಲು ಇಳಿಸುತ್ತದೆ.

ಊಟದ ಮನೆಗಳು ಗುರುತಾಗಲಾರವು ಎಂದು ಇದರಿಂದ ತೀರ್ಮಾನಿಸಿದರೆ ತಪ್ಪಾಗುತ್ತದೆ. 1924ರ ಎಂ.ಟಿ.ಆರ್., 1943ರ ವಿದ್ಯಾರ್ಥಿ ಭವನ ತಮ್ಮ ಬೀದಿಗಳಿಗಿಂತ ಹೆಚ್ಚು ಪ್ರಸಿದ್ಧವಾಗಿವೆ. ಇನ್ನೂ ಮುಖ್ಯವಾದುದು 1983ರಲ್ಲಿ ಜಯನಗರದಲ್ಲಿ ಆರಂಭವಾಗ ‘ದರ್ಶಿನಿ’ ಎಂಬ ಮಾದರಿ. ನಿಂತು ತಿನ್ನುವ, ರಸ್ತೆಗೆ ತೆರೆದುಕೊಂಡ, ಅಡುಗೆಮನೆ ಎದುರಿಗೇ ಕಾಣುವ ಈ ಪುಟ್ಟ ಹೋಟೆಲುಗಳು ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಉಪನಗರಗಳ ಪ್ರತಿ ತಿರುವಿನಲ್ಲೂ ಹಬ್ಬಿದವು. ಹೆಸರಿನಲ್ಲೇ ದರ್ಶನವಿದೆ ಎಂಬುದನ್ನು ಗಮನಿಸಬೇಕು. ಗೋಪುರದ ಹೋಟೆಲು ಮಾರುವುದೂ ದರ್ಶನವನ್ನೇ. ಒಂದರಲ್ಲಿ ಊರು ಕಾಣುತ್ತದೆ, ಊರಿನವರು ಕಾಣುವುದಿಲ್ಲ. ಇನ್ನೊಂದರಲ್ಲಿ ಉದ್ದಿನ ಹಿಟ್ಟು ಎಣ್ಣೆಗೆ ಬೀಳುವುದು ಕಾಣುತ್ತದೆ, ಪಕ್ಕದಲ್ಲಿ ನಿಂತು ತಿನ್ನುವವನ ಮುಖ ಕಾಣುತ್ತದೆ, ರಸ್ತೆಯಲ್ಲಿ ಬರುವ ಬಸ್ಸಿನ ಸಂಖ್ಯೆ ಕಾಣುತ್ತದೆ. ‘ದರ್ಶಿನಿ ಪಕ್ಕದ ಸಂದಿ’ ಎಂಬುದು ವಿಳಾಸವಾಗಿ ನಿಲ್ಲುವುದು ಇದರಿಂದಲೇ.

ಫ್ರೆಂಚ್ ವಿದ್ವಾಂಸ ಮಿಶೆಲ್ ದ ಸೆರ್ತೊ ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರಿನ 110ನೆಯ ಅಂತಸ್ತಿನಿಂದ ಮ್ಯಾನ್‌ಹಟ್ಟನ್ನನ್ನು ನೋಡುವ ಅನುಭವವನ್ನು 1980ರಲ್ಲಿ ಪ್ರಕಟವಾದ ತನ್ನ ಕೃತಿಯಲ್ಲಿ ವಿಶ್ಲೇಷಿಸುತ್ತಾನೆ. ಮೇಲಿನಿಂದ ನಗರ ಓದಬಹುದಾದ ಪಠ್ಯದಂತೆ ಕಾಣುತ್ತದೆ. ಕೆಳಗೆ ನಡೆಯುವವರು ಆ ಪಠ್ಯವನ್ನು ತಮ್ಮ ಕಾಲಿನಿಂದ ಬರೆಯುತ್ತಿರುತ್ತಾರೆ ಎಂಬುದು ಅವನ ವಾದದ ತಿರುಳು. ರಾಜಾಜಿನಗರದ ಗೋಪುರಕ್ಕೂ ಅದೇ ಹೆಸರಿರುವುದು ಕಾಕತಾಳೀಯವಾದರೂ ವಾದ ಇಲ್ಲಿಗೂ ಹೊಂದುತ್ತದೆ. ಆದರೆ ಒಂದು ತಿದ್ದುಪಡಿ ಅಗತ್ಯ. ಸೆರ್ತೊನ ನಡೆಯುವವರಿಗೆ ಮೂಗಿಲ್ಲ. ಮೈಸೂರು ರಸ್ತೆಯಲ್ಲಿ ವೃಷಭಾವತಿಯನ್ನು ಗುರುತಿಸುವುದು ಕಣ್ಣಲ್ಲ. ಬಸ್ಸಿನಲ್ಲಿ ತೂಕಡಿಸುತ್ತಿದ್ದವರು ನಾಯಂಡಹಳ್ಳಿ ಬಂತೆಂದು ಕಣ್ಣು ಮುಚ್ಚಿಕೊಂಡೇ ತಿಳಿಯುತ್ತಿದ್ದುದು ಆ ಹೊಳೆಯ ವಾಸನೆಯಿಂದ. ಎತ್ತರದಿಂದ ಅದೊಂದು ಕಪ್ಪು ಗೆರೆ, ಚಿತ್ರದಲ್ಲಿ ಚೆನ್ನಾಗಿಯೇ ಮೂಡೀತು. ಎತ್ತರದ ಊಟದ ಮೊದಲ ಷರತ್ತೇ ವಾಸನೆ ಮೇಲೆ ಬಾರದಿರುವುದು.

ಬಾಪೂಜಿನಗರದ ಜನರಿಗೆ ಎತ್ತರ ದಕ್ಕಲೇ ಇಲ್ಲವೆಂದಲ್ಲ. 2015ರ ನವೆಂಬರ್‌ನಲ್ಲಿ ಮಾಗಡಿ ರಸ್ತೆಯಿಂದ ಮೈಸೂರು ರಸ್ತೆಯವರೆಗಿನ ಮೆಟ್ರೊ ಆರಂಭವಾದಾಗ ದೀಪಾಂಜಲಿನಗರದ ನಿಲ್ದಾಣವು ಈ ಭಾಗದವರಿಗೆ ತಮ್ಮ ತಾರಸಿಗಳನ್ನು ಮೇಲಿನಿಂದ ತೋರಿಸಿತು. ನೀರಿನ ತೊಟ್ಟಿ, ಒಣಹಾಕಿದ ಬಟ್ಟೆ, ಕಟ್ಟುತ್ತಲೇ ಇರುವ ಇನ್ನೊಂದು ಮಹಡಿಯ ಕಂಬಿಗಳು. 2021ರ ಆಗಸ್ಟ್‌ನಲ್ಲಿ ಮಾರ್ಗ ಕೆಂಗೇರಿಯವರೆಗೆ ಮುಂದುವರಿಯಿತು. ಚೀಟಿಯ ದರದಲ್ಲಿ ಸಿಗುವ ಈ ಎತ್ತರದಲ್ಲಿ ಯಾರೂ ನೋಟಕ್ಕೆಂದು ಹಣ ಕೊಡುವುದಿಲ್ಲ, ನೋಟ ದಾರಿಯಲ್ಲಿ ಸಿಗುತ್ತದೆ. ಮಕ್ಕಳು ಕಿಟಕಿಯಿಂದ ತಮ್ಮ ಮನೆಯನ್ನು ಹುಡುಕುತ್ತಾರೆ. ಗೋಪುರದ ಹೋಟೆಲಿನಲ್ಲಿ ಊರನ್ನು ನೋಡುವವರು ಸಾಮಾನ್ಯವಾಗಿ ದೀಪಗಳನ್ನು ನೋಡುತ್ತಾರೆ. ಮೆಟ್ರೊದಲ್ಲಿ ಹೋಗುವವರು ನಿರ್ದಿಷ್ಟವಾದ ಒಂದು ತಾರಸಿಯನ್ನು ನೋಡುತ್ತಾರೆ. ಈ ವ್ಯತ್ಯಾಸ ಸಣ್ಣದಲ್ಲ.

ಸ್ಕೈ ಡೆಕ್ ಯೋಜನೆಯನ್ನು ಈ ಹಿನ್ನೆಲೆಯಲ್ಲಿ ಇಟ್ಟು ನೋಡಬೇಕಾಗುತ್ತದೆ. ಪ್ರಕಟವಾದ ವಿವರಗಳಲ್ಲಿ ವೀಕ್ಷಣಾ ಅಂತಸ್ತು, ಉಪಾಹಾರಗೃಹ, ಅಂಗಡಿ ಸಾಲು, ಗಣ್ಯರಿಗೆ ಪ್ರತ್ಯೇಕ ಜಾಗ ಎಲ್ಲವೂ ಇದ್ದವು. ಊರಿನ ಹೆಗ್ಗುರುತನ್ನು ಸರ್ಕಾರವೇ ನಿರ್ಮಿಸಿಕೊಡಬಲ್ಲದು ಎಂಬ ಆತ್ಮವಿಶ್ವಾಸ ಈ ಪಟ್ಟಿಯಲ್ಲಿ ಎದ್ದು ಕಾಣುತ್ತದೆ. ಯುಟಿಲಿಟಿ ಕಟ್ಟಡದ ಅರ್ಧ ಶತಮಾನದ ಅನುಭವ ಇದಕ್ಕೆ ವಿರುದ್ಧವಾಗಿದೆ. ಅಲ್ಲಿ ತುದಿಯ ಹೋಟೆಲು ಮರೆವಿಗೆ ಸಂದಿತು, ಬುಡದ ಬಳಕೆ ಹೆಸರನ್ನು ಕಾಪಾಡಿತು. ಸ್ಕೈ ಡೆಕ್‌ನ ಬುಡದಲ್ಲಿ ಏನಿರುತ್ತದೆ, ಅಲ್ಲಿಗೆ ಯಾವ ಬಸ್ಸು ಬರುತ್ತದೆ, ಸುತ್ತಲಿನ ಹಳ್ಳಿಯವರಿಗೆ ಅಲ್ಲಿ ಏನು ಕೆಲಸ ಎಂಬ ಪ್ರಶ್ನೆಗಳು 250 ಮೀಟರ್ ಎಂಬ ಅಂಕಿಯಷ್ಟು ಗಮನ ಸೆಳೆಯಲಿಲ್ಲ. ಕೆಂಪೇಗೌಡನ ಗೋಪುರಗಳನ್ನು ಹೆಮ್ಮೆಯಿಂದ ನೆನೆಯುವ ಆಡಳಿತ ಭಾಷೆ ಅವುಗಳ ಜೊತೆಗಿದ್ದ ಎಚ್ಚರಿಕೆಯ ಮಾತನ್ನು ಬಿಟ್ಟುಬಿಡುತ್ತದೆ. ಜನಪದರು ಆ ಗೋಪುರಗಳನ್ನು ಬೆಳವಣಿಗೆಯ ಸಂಕೇತವಾಗಿ ಕಂಡವರಲ್ಲ. ಬೆಳವಣಿಗೆ ನಿಲ್ಲಬೇಕಾದ ಕಡೆಯನ್ನು ತೋರಿಸುವ ಕಲ್ಲಾಗಿ ಕಂಡವರು.

ವಿದ್ವತ್ ವಲಯದ ಹೊಣೆಯೂ ಇಲ್ಲಿ ಕಡಿಮೆಯಿಲ್ಲ. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ ಇದೇ ಮೈಸೂರು ರಸ್ತೆಯಲ್ಲಿದೆ. ಕ್ಷೇತ್ರಕಾರ್ಯಕ್ಕೆ ಹೊರಟ ಹಲವು ತಲೆಮಾರಿನ ಸಂಗ್ರಾಹಕರು ಬಾಪೂಜಿನಗರವನ್ನು ದಾಟಿಕೊಂಡೇ ಹಳ್ಳಿಗಳಿಗೆ ಹೋದರು. ಹಾಡು, ಕಥೆ, ಒಗಟುಗಳನ್ನು ತಂದು ಕನ್ನಡವನ್ನು ಶ್ರೀಮಂತಗೊಳಿಸಿದರು. ಗಾಳಿ ಆಂಜನೇಯನ ಎದುರು ಬಸ್ಸು ನಿಂತಾಗ ಇಳಿದವರು ವಿರಳ. ನಗರವೆಂದರೆ ಜಾನಪದ ಸಾಯುವ ಜಾಗ ಎಂಬ ಗ್ರಹಿಕೆ ಅಧ್ಯಯನದ ಆರಂಭದ ದಿನಗಳಲ್ಲಿ ಸಹಜವಾಗಿತ್ತು, ಈಗ ಅದಕ್ಕೆ ಸಮರ್ಥನೆಯಿಲ್ಲ. ಬಿನ್ನಿ ಮಿಲ್ಲಿನ ಸೈರನ್ನು, ಕಿಮ್ಕೊ ಕಾರ್ಖಾನೆಯ ಪಾಳಿ, ಟೋಲ್‌ಗೇಟಿನ ಸುತ್ತಲ ಸಂತೆ, ನವರಂಗಿನಲ್ಲಿ ಓಡಿದ ಚಿತ್ರಗಳ ದಿನಲೆಕ್ಕ ಇವೆಲ್ಲವೂ ಇನ್ನೂ ಜನರ ನೆನಪಿನಲ್ಲಿ ಚೂರುಚೂರಾಗಿ ಉಳಿದಿವೆ. ಎತ್ತರದ ಹೋಟೆಲುಗಳ ಅಡುಗೆಮನೆಯಲ್ಲಿ, ಕಾವಲಿನಲ್ಲಿ, ಗಾಜು ಒರೆಸುವ ಕೆಲಸದಲ್ಲಿ ದುಡಿಯುವವರು ಆ ಎತ್ತರಕ್ಕೆ ತಮ್ಮ ನಡುವೆ ಯಾವ ಹೆಸರು ಇಟ್ಟುಕೊಂಡಿದ್ದಾರೆ ಎಂಬುದೂ ಸಂಗ್ರಹವಾಗಬೇಕಾದ ಸಾಮಗ್ರಿ. ಮದುವೆಯ ಕರೆಯೋಲೆ, ಹಳೆಯ ಬಸ್ಸುಗಳ ಮಾರ್ಗಫಲಕ, ಅಂಗಡಿಗಳ ರಸೀದಿ ಪುಸ್ತಕಗಳಲ್ಲಿ ಅಚ್ಚಾದ ವಿಳಾಸಗಳಿಂದ ಈ ಕೆಲಸವನ್ನು ತೊಡಗಬಹುದು. ಗಿರಣಿ, ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದವರು ವಿಜಯನಗರ, ಬಿನ್ನಿಪೇಟೆ, ಬಾಪೂಜಿನಗರಗಳ ಮನೆಗಳಲ್ಲಿ ಈಗಲೂ ಸಿಗುತ್ತಾರೆ. ಅವರಿಗೆ ವಯಸ್ಸಾಗಿದೆ.